ಪ್ಲೇಗಿಗೆ ಲಸಿಕೆಯಿತ್ತ ಹಾಫ್ಕಿನ್ನರು

ರೋಗಿಯ ಮೈಯನ್ನು ಸೇರುವ ಮುನ್ನ ಔಷಧವು ಮೂರು ಕೈಗಳನ್ನು ದಾಟಿ ಬರುತ್ತದೆ: ಮಾಡುವ ಕೈ, ಕಾಯ್ದಿಡುವ ಕೈ, ಕೊಡುವ ಕೈ. ಮೊದಲನೆಯ ಕೈ ಎಷ್ಟೇ ಕುಶಲವಾಗಿರಲಿ, ಉಳಿದೆರಡರಲ್ಲಿ ಒಂದು ಎಚ್ಚರ ತಪ್ಪಿದರೆ ಅಮೃತವೇ ವಿಷವಾಗಿ ಪರಿಣಮಿಸುತ್ತದೆ. ಹಾಗೆ ಪರಿಣಮಿಸಿದಾಗ ಲೋಕವು ಸಾಮಾನ್ಯವಾಗಿ ದೂಷಿಸುವುದು ಮೊದಲನೆಯ ಕೈಯನ್ನೇ. ಈ ಮಾತಿಗೆ ವಾಲ್ಡೆಮಾರ್ ಮೊರ್ಡೆಕಾಯ್ ಹಾಫ್ಕಿನ್ನರ ಜೀವನಕ್ಕಿಂತ ಮಿಗಿಲಾದ ನಿದರ್ಶನ ದೊರೆಯುವುದು ದುರ್ಲಭ. ಹುಟ್ಟಿದ್ದು ಕಪ್ಪು ಸಮುದ್ರದ ತೀರದಲ್ಲಿ, ಲಸಿಕೆಯ ಕೆಲಸವನ್ನು ಆರಂಭಿಸಿದ್ದು ಫ್ರಾನ್ಸಿನಲ್ಲಿ, ದುಡಿದದ್ದು ಭಾರತದಲ್ಲಿ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯನ್ನೊಳಗೊಂಡ ಬೆಳಗಾವಿ ಜಿಲ್ಲೆಯೂ ನೆರೆಯ ಧಾರವಾಡ ಜಿಲ್ಲೆಯೂ ಪ್ಲೇಗಿನ ಬಾಯಿಗೆ ಸಿಕ್ಕು ನರಳಿದ ಕಾಲದಲ್ಲಿ, ಜನರಿಗೆ ಒದಗಿದ ರಕ್ಷೆಯು ಈ ಮಹನೀಯರು ಸಿದ್ಧಪಡಿಸಿದ ಸೀಸೆಯಿಂದಲೇ ಬಂದಿತು.

ಹಾಫ್ಕಿನ್ನರು ೧೮೬೦ನೆಯ ಇಸವಿ ಮಾರ್ಚ್ ತಿಂಗಳಲ್ಲಿ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾ ನಗರದಲ್ಲಿ ಒಂದು ಯಹೂದಿ ಕುಟುಂಬದಲ್ಲಿ ಜನಿಸಿದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರವನ್ನು ವ್ಯಾಸಂಗ ಮಾಡುವಾಗ ಇಲ್ಯಾ ಮೆಚ್ನಿಕಾಫ್ ಎಂಬ ಮಹಾವಿಜ್ಞಾನಿಯ ಶಿಷ್ಯರಾಗುವ ಭಾಗ್ಯ ಅವರಿಗೆ ಲಭಿಸಿತು. ರಕ್ತದಲ್ಲಿ ಸಂಚರಿಸುವ ಕೆಲವು ಕಣಗಳು ರೋಗಾಣುಗಳನ್ನು ನುಂಗಿ ದೇಹವನ್ನು ಕಾಪಾಡುತ್ತವೆಂದು ತೋರಿಸಿ ಮುಂದೆ ೧೯೦೮ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರೇ ಈ ಮೆಚ್ನಿಕಾಫರು. ಗುರುವು ದೊರೆತರೂ ಶಿಷ್ಯನ ದಾರಿ ಸುಗಮವಾಗಿರಲಿಲ್ಲ. ೧೮೮೧ರಲ್ಲಿ ಯಹೂದಿಗಳ ಮೇಲೆ ದೊಂಬಿಗಳು ನಡೆದಾಗ ತರುಣ ಹಾಫ್ಕಿನ್ನರು ತಮ್ಮವರ ರಕ್ಷಣೆಗೆ ನಿಂತು ಗಾಯಗೊಂಡರು, ಸೆರೆಯನ್ನೂ ಕಂಡರು. ಮತಾಂತರ ಹೊಂದಿದ್ದರೆ ಅಧ್ಯಾಪಕ ಪದವಿಯ ಬಾಗಿಲು ತೆರೆಯುತ್ತಿತ್ತು. ಅವರು ಅದಕ್ಕೆ ಒಡಂಬಡಲಿಲ್ಲ. ೧೮೮೮ರಲ್ಲಿ ಸ್ವದೇಶವನ್ನು ತೊರೆದು ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಗ್ರಂಥಾಲಯದ ಒಂದು ಸಣ್ಣ ಹುದ್ದೆಯನ್ನು ಒಪ್ಪಿಕೊಂಡರು. ಹಗಲು ಪುಸ್ತಕಗಳ ನಡುವೆಯೂ, ಬಿಡುವು ದೊರೆತಾಗ ಪ್ರಯೋಗಶಾಲೆಯಲ್ಲಿಯೂ ಅವರ ಕಾಲ ಕಳೆಯುತ್ತಿತ್ತು.

ಅದು ರೋಗನಿರೋಧ ಶಾಸ್ತ್ರವು ಮೊಳಕೆಯೊಡೆಯುತ್ತಿದ್ದ ಕಾಲ. ೧೮೯೦ರಲ್ಲಿ ಬರ್ಲಿನ್ ನಗರದಲ್ಲಿ ಎಮಿಲ್ ಬೆಹ್ರಿಂಗ್ ಮತ್ತು ಜಪಾನಿನ ಕಿಟಸಾಟೊ ಎಂಬಿಬ್ಬರು ಒಂದು ಅದ್ಭುತವನ್ನು ಕಂಡುಹಿಡಿದರು. ಧನುರ್ವಾಯುವಿನ ವಿಷವನ್ನು ತಡೆದುಕೊಳ್ಳುವಂತೆ ಒಂದು ಮೊಲವನ್ನು ಕ್ರಮವಾಗಿ ಅಣಿಗೊಳಿಸಿ, ಅದರ ರಕ್ತ ಹೆಪ್ಪುಗಟ್ಟಿದ ಮೇಲೆ ಮೇಲೆ ನಿಲ್ಲುವ ತಿಳಿಯನ್ನು, ಅಂದರೆ ಸೀರಮ್ಮನ್ನು, ಇಲಿಮರಿಗಳಿಗೆ ಚುಚ್ಚಿದರೆ ಆ ಇಲಿಮರಿಗಳೂ ವಿಷವನ್ನು ಗೆದ್ದು ಬದುಕುತ್ತಿದ್ದವು. ರೋಗವನ್ನು ಎದುರಿಸಿದ ದೇಹವು ಆ ರೋಗಕ್ಕೇ ತಕ್ಕ ಒಂದು ರಕ್ಷಕ ದ್ರವ್ಯವನ್ನು ತನ್ನ ರಕ್ತದಲ್ಲಿ ನಿರ್ಮಿಸಿಕೊಳ್ಳುತ್ತದೆಂಬುದು ಇದರಿಂದ ಸಿದ್ಧವಾಯಿತು. ಇಂದು ನಾವು ಪ್ರತಿಕಾಯವೆಂದು ಕರೆಯುವುದು ಇದನ್ನೇ. ಬೀಗಕ್ಕೆ ತಕ್ಕ ಕೀಲಿಯಿರುವಂತೆ ಒಂದೊಂದು ರೋಗಾಣುವಿಗೂ ಒಂದೊಂದು ವಿಷಕ್ಕೂ ಪ್ರತ್ಯೇಕವಾದ ಪ್ರತಿಕಾಯವಿರುತ್ತದೆ. ಲಸಿಕೆಯು ಈ ದ್ರವ್ಯವನ್ನು ನಮ್ಮ ದೇಹವೇ ತಯಾರಿಸಿಕೊಳ್ಳುವಂತೆ ಪ್ರೇರಿಸುತ್ತದೆ. ಸೀರಮ್ಮಾದರೋ ಇನ್ನೊಂದು ಪ್ರಾಣಿಯು ತಯಾರಿಸಿದ್ದನ್ನು ಎರವಲು ತಂದು ಕೊಡುತ್ತದೆ. ಎರಡರ ದಾರಿ ಬೇರೆಯಾದರೂ ಎರಡಕ್ಕೂ ಪ್ರಯೋಗಶಾಲೆಯ ಮೊಲ, ಇಲಿ, ಗಿನಿಪಿಗ್‌ಗಳೇ ಮೊದಲ ಪರೀಕ್ಷಾಕ್ಷೇತ್ರ.

ಹಾಫ್ಕಿನ್ನರು ಆಯ್ದುಕೊಂಡದ್ದು ಕಾಲರಾ ರೋಗವನ್ನು. ಕಾಲರಾದ ಅಣುಗಳನ್ನು ಗಿನಿಪಿಗ್‌ಗಳ ಉದರದಲ್ಲಿ ಒಂದರಿಂದ ಒಂದಕ್ಕೆ ಹಲವು ಬಾರಿ ದಾಟಿಸಿ ಅವುಗಳ ಶಕ್ತಿಯನ್ನು ಒಂದು ನೆಲೆಗೆ ತಂದು, ಅದರಿಂದ ಲಸಿಕೆಯನ್ನು ಸಿದ್ಧಪಡಿಸಿದರು. ಪ್ರಾಣಿಗಳಲ್ಲಿ ಫಲ ಕಂಡ ಮಾತ್ರಕ್ಕೆ ಮನುಷ್ಯನಲ್ಲಿ ಕಂಡೀತೆಂಬ ನಿಶ್ಚಯವಿಲ್ಲ. ಇನ್ನೊಬ್ಬರ ಮೈಯನ್ನು ಅಪಾಯಕ್ಕೆ ಒಡ್ಡುವುದಕ್ಕೆ ಮುನ್ನ ತಮ್ಮ ಮೈಯನ್ನೇ ಒಡ್ಡಬೇಕೆಂದು ಅವರು ನಿರ್ಧರಿಸಿದರು. ೧೮೯೨ನೆಯ ಇಸವಿ ಜುಲೈ ೧೮ರಂದು ಆ ಲಸಿಕೆಯನ್ನು ತಮಗೆ ತಾವೇ ಚುಚ್ಚಿಕೊಂಡರು. ಜ್ವರ ಬಂದಿತು, ಇಳಿಯಿತು, ಬದುಕಿದರು. ಮರುವರ್ಷ, ಕಾಲರಾದ ತವರೆನಿಸಿದ್ದ ಭಾರತಕ್ಕೆ ಬಂದರು. ೧೮೯೩ರಿಂದ ೧೮೯೫ರವರೆಗೆ ಬಂಗಾಳದಿಂದ ಪಂಜಾಬಿನವರೆಗೆ ಅಲೆದು ನಲವತ್ತು ಸಾವಿರಕ್ಕೂ ಮಿಕ್ಕಿ ಜನರಿಗೆ ಲಸಿಕೆ ಹಾಕಿದರು. ಬಲವಂತವನ್ನು ಅವರು ಒಪ್ಪುತ್ತಿರಲಿಲ್ಲ. ಕಲ್ಕತ್ತೆಯ ಕೇರಿಗಳಲ್ಲಿ ಮುಂಜಾವಿನಲ್ಲೇ ಹೋಗಿ ಕುಳಿತು, ಜನ ಕೆಲಸಕ್ಕೆ ಹೊರಡುವ ಮುನ್ನ ಒಲಿಸಿ ಚುಚ್ಚುಮದ್ದು ಕೊಡುತ್ತಿದ್ದರು. ಕಡೆಗೆ ಮಲೇರಿಯಾ ಜ್ವರದಿಂದ ಬಳಲಿ ಕೆಲಕಾಲ ಇಂಗ್ಲೆಂಡಿಗೆ ಹಿಂದಿರುಗಬೇಕಾಯಿತು. ಚೇತರಿಸಿಕೊಂಡು ೧೮೯೬ರಲ್ಲಿ ಮತ್ತೆ ಬಂದರು.

ಆ ವರ್ಷವೇ ಮುಂಬಯಿಯಲ್ಲಿ ಪ್ಲೇಗು ತಲೆದೋರಿತು. ಬಂದರಿನ ಸಮೀಪದ ಉಗ್ರಾಣಗಳಲ್ಲಿ ಇಲಿಗಳು ಬಿದ್ದವು. ಬಳಿಕ ಮನುಷ್ಯರು ಬೀಳತೊಡಗಿದರು. ನಗರದ ಅರ್ಧದಷ್ಟು ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟರೆಂದು ಆ ಕಾಲದ ವರದಿಗಳು ಹೇಳುತ್ತವೆ. ಸರ್ಕಾರವು ಅಕ್ಟೋಬರ್ ತಿಂಗಳಲ್ಲಿ ಹಾಫ್ಕಿನ್ನರನ್ನು ಕಲ್ಕತ್ತೆಯಿಂದ ಕರೆಸಿಕೊಂಡಿತು. ಗ್ರ್ಯಾಂಟ್ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಒಂದು ಕೋಣೆ, ಒಂದು ಓಣಿಯಂಥ ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು: ಇಷ್ಟೇ ಅವರಿಗೆ ದೊರೆತ ಪರಿಕರ. ಈ ಅಲ್ಪ ಸಾಧನದಿಂದ ಮೂರು ತಿಂಗಳೊಳಗಾಗಿ ಅವರು ಪ್ಲೇಗಿನ ಲಸಿಕೆಯನ್ನು ಸಿದ್ಧಗೊಳಿಸಿದರು. ಕೆಲಸದ ಭಾರ ತಾಳದೆ ಸಹಾಯಕರು ಕುಸಿದರು. ಹಾಫ್ಕಿನ್ನರು ಕುಸಿಯಲಿಲ್ಲ.

ಲಸಿಕೆಯ ವಿಧಾನವನ್ನು ತಿಳಿದರೆ ಅವರ ಸೂಕ್ಷ್ಮತೆಯ ಅರಿವಾಗುತ್ತದೆ. ಮಾಂಸದ ಕಟ್ಟಿನಲ್ಲಿ ಪ್ಲೇಗಿನ ಅಣುಗಳನ್ನು ಬೆಳೆಸಬೇಕು. ಈ ದೇಶದವರ ಮನಸ್ಸು ನೋಯದಿರಲೆಂದು ಅವರು ಗೋಮಾಂಸ, ಹಂದಿಮಾಂಸಗಳನ್ನು ವರ್ಜಿಸಿ ಆಡಿನ ಮಾಂಸವನ್ನು ಬಳಸಿದರು. ಕಟ್ಟಿನ ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟರೆ ಪ್ಲೇಗಿನ ಅಣುಗಳು ಆ ಹನಿಗಳಿಗೆ ಅಂಟಿಕೊಂಡು, ಗುಹೆಯ ಮಾಳಿಗೆಯಿಂದ ಸುಣ್ಣದ ಕೋಲುಗಳು ಇಳಿಯುವಂತೆ, ಕೆಳಮುಖವಾಗಿ ಇಳಿಬೀಳುತ್ತ ಬೆಳೆಯುತ್ತಿದ್ದವು. ಬೇರೆ ಯಾವ ಅಣುವೂ ಸೇರಿಲ್ಲವೆಂಬುದಕ್ಕೆ ಈ ರೂಪವೇ ಒಂದು ಗುರುತು. ಹೀಗೆ ವಾರಗಟ್ಟಲೆ ಕಾಯಬೇಕು. ಬಳಿಕ ಅಣುಗಳು ಸಾಯುವಂತೆ, ಆದರೆ ಅವುಗಳ ಗುಣ ಕೆಡದಂತೆ, ಸುಮಾರು ೬೫ರಿಂದ ೭೦ ಸೆಂಟಿಗ್ರೇಡ್ ಶಾಖದಲ್ಲಿ ಒಂದು ತಾಸು ಕಾಯಿಸಬೇಕು. ಕೊನೆಗೆ ಕೊಳೆ ಸೇರದಿರಲೆಂದು ಅಲ್ಪ ಪ್ರಮಾಣದಲ್ಲಿ ಕಾರ್ಬಾಲಿಕ್ ಆಮ್ಲವನ್ನು ಬೆರೆಸಬೇಕು. ಹೀಗೆ ಸಿದ್ಧವಾದುದನ್ನು ಮೊದಲು ಮೊಲಗಳಿಗೆ ಚುಚ್ಚಿ, ಅವು ಜೀವಂತ ಪ್ಲೇಗಿನ ಅಣುಗಳನ್ನು ತಡೆದುಕೊಳ್ಳುವುದನ್ನು ಕಂಡುಕೊಂಡರು. ೧೮೯೭ನೆಯ ಇಸವಿ ಜನವರಿ ೧೦ರಂದು ತಮಗೇ ಚುಚ್ಚಿಕೊಂಡರು. ಆ ತಿಂಗಳ ಕೊನೆಯಲ್ಲಿ ಬೈಕುಲಾ ಕಾರಾಗೃಹದಲ್ಲಿ ಪ್ಲೇಗು ಹೊಕ್ಕಾಗ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಹಾಕಿದರು. ಒಂದೇ ಛಾವಣಿಯಡಿ, ಒಂದೇ ಅನ್ನವನ್ನುಂಡು ಬದುಕುತ್ತಿದ್ದ ಕೈದಿಗಳಲ್ಲಿ, ಲಸಿಕೆ ಹಾಕಿಸಿಕೊಂಡವರಿಗಿಂತ ಹಾಕಿಸಿಕೊಳ್ಳದವರಲ್ಲಿ ರೋಗವೂ ಸಾವೂ ಅಧಿಕವಾಗಿ ಕಂಡುಬಂದವು.

ಅದೇ ಸಮಯದಲ್ಲಿ ಇನ್ನೊಂದು ಮಾರ್ಗವೂ ಪರೀಕ್ಷೆಗೆ ಬಂದಿತು. ೧೮೯೪ರಲ್ಲಿ ಹಾಂಕಾಂಗಿನಲ್ಲಿ ಪ್ಲೇಗಿನ ಅಣುವನ್ನು ಗುರುತಿಸಿದ್ದ ಅಲೆಕ್ಸಾಂಡರ್ ಯೆರ್ಸಿನ್ನರು ಕುದುರೆಗಳಲ್ಲಿ ಪ್ರತಿಕಾಯಗಳನ್ನು ಬೆಳೆಸಿ, ಆ ಸೀರಮ್ಮನ್ನು ೧೮೯೭ರಲ್ಲಿ ಮುಂಬಯಿಗೆ ತಂದರು. ನಿರೀಕ್ಷಿಸಿದ ಫಲ ಅಲ್ಲಿ ಕಾಣಲಿಲ್ಲ. ಸೀರಮ್ಮಿನ ಬಲವು ಒಂದು ಕುದುರೆಯಿಂದ ಇನ್ನೊಂದಕ್ಕೆ, ಒಂದು ಸೀಸೆಯಿಂದ ಇನ್ನೊಂದಕ್ಕೆ ವ್ಯತ್ಯಾಸವಾಗುವುದು ಆ ಕಾಲದ ದೊಡ್ಡ ತೊಡಕಾಗಿತ್ತು. ಅದೇ ೧೮೯೭ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್‌ರು ಈ ತೊಡಕಿಗೆ ಪರಿಹಾರವೊಂದನ್ನು ಸೂಚಿಸಿದರು. ಗಂಟಲಮಾರಿಯ ಪ್ರತಿವಿಷವುಳ್ಳ ಸೀರಮ್ಮನ್ನು ಪೂರ್ಣವಾಗಿ ಒಣಗಿಸಿ, ಗಾಳಿಯನ್ನೂ ತೇವವನ್ನೂ ಹೊರದೂಡಿದ ಗಾಜಿನ ನಳಿಗೆಗಳಲ್ಲಿ ಮುಚ್ಚಿ, ತಂಪಾದ ಕತ್ತಲೆಯಲ್ಲಿರಿಸಿದರೆ ಅದರ ಬಲವು ದೀರ್ಘಕಾಲ ಕುಗ್ಗದೆ ಉಳಿಯುತ್ತದೆ. ಉಳಿದ ಸೀರಮ್ಮುಗಳನ್ನೆಲ್ಲ ಅದರೊಡನೆ, ಗೊತ್ತಾದ ತೂಕದ ಗಿನಿಪಿಗ್‌ಗಳ ಮೇಲೆ, ಹೋಲಿಸಿ ಅಳೆಯಬಹುದು. ಧಾನ್ಯವನ್ನು ಅಳೆಯಲು ಸರ್ಕಾರದ ಮುದ್ರೆ ಬಿದ್ದ ಸೇರು ಹೇಗೋ ಪ್ರತಿಕಾಯವನ್ನು ಅಳೆಯಲು ಈ ಒಣ ಸೀರಮ್ಮು ಹಾಗೆ. ಶಾಖ, ಬೆಳಕು, ತೇವ, ಕೊಳೆ ಈ ನಾಲ್ಕೂ ಪ್ರತಿಕಾಯದ ಶತ್ರುಗಳೆಂಬ ಪಾಠವು ಅಂದಿನಿಂದ ಪ್ರಯೋಗಶಾಲೆಗಳಲ್ಲಿ ನೆಲೆಯೂರಿತು.

ಇತ್ತ ಪ್ಲೇಗು ಮುಂಬಯಿಯಲ್ಲಿ ನಿಲ್ಲಲಿಲ್ಲ. ಧಾನ್ಯದ ಚೀಲಗಳೊಡನೆ, ಹತ್ತಿಯ ಅಂಡಿಗೆಗಳೊಡನೆ, ಊರಿಗೆ ಮರಳುವವರ ಗಂಟುಗಳೊಡನೆ ಅದು ರೈಲುಮಾರ್ಗವನ್ನು ಹಿಡಿದು ದಕ್ಷಿಣಕ್ಕೆ ಸಾಗಿತು. ಪುಣೆಯಿಂದ ಬೆಳಗಾವಿಗೆ ಬರುವ ಮಾರ್ಗವು ಘಟಪ್ರಭೆಯನ್ನು ದಾಟಿ ಗೋಕಾಕದ ಸೀಮೆಯ ಮೂಲಕವೇ ಹಾಯುತ್ತದೆ. ಗೋಕಾಕದ ಜಲಪಾತದ ಬಲದಿಂದ ೧೮೮೭ರಲ್ಲಿಯೇ ನಡೆಯತೊಡಗಿದ್ದ ನೂಲಿನ ಗಿರಣಿಯಿಂದಾಗಿ ಹತ್ತಿಯೂ ಜನರೂ ಈ ಸೀಮೆಗೆ ಬಂದುಹೋಗುವುದು ನಿತ್ಯದ ಸಂಗತಿಯಾಗಿತ್ತು. ಹುಕ್ಕೇರಿ ತಾಲೂಕಿನ ಸಂಕೇಶ್ವರವಾದರೋ ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮೇಲೆಯೇ ಇದೆ. ಇಂದು ತಾನೇ ತಾಲೂಕು ಕೇಂದ್ರವಾಗಿರುವ ಮೂಡಲಗಿ ಆಗ ಗೋಕಾಕ ತಾಲೂಕಿನಲ್ಲಿತ್ತು. ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಪ್ಲೇಗು ೧೮೯೭, ೧೮೯೮ರ ಹೊತ್ತಿಗೆ ಕಾಲಿಟ್ಟು, ಬಳಿಕ ಹಲವು ವರ್ಷ ಮರಳಿ ಮರಳಿ ಬಂದಿತು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಉತ್ತರ ಕರ್ನಾಟಕದ ಜನ ಊರನ್ನೇ ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ವಾಸಿಸುತ್ತಿದ್ದರು. ಅದು ಬರಿಯ ಅಂಜಿಕೆಯಲ್ಲ, ವಿವೇಕವೂ ಹೌದು. ಸತ್ತ ಇಲಿಯ ಮೈಬಿಟ್ಟ ಚಿಗಟವೇ ಮನುಷ್ಯನನ್ನು ಕಚ್ಚಿ ರೋಗವನ್ನಂಟಿಸುತ್ತದೆಂದು ಪಾಲ್ ಲೂಯಿ ಸೈಮಂಡರು ೧೮೯೮ರಲ್ಲಿ ತೋರಿಸಿಕೊಟ್ಟ ಮೇಲೆ, ಆ ಪದ್ಧತಿಯ ಹಿಂದಿದ್ದ ಅನುಭವಜ್ಞಾನವು ಶಾಸ್ತ್ರಕ್ಕೆ ಸಮ್ಮತವೆನಿಸಿತು.

ಹಾಫ್ಕಿನ್ನರ ಲಸಿಕೆಗೆ ದೇಶದಲ್ಲೇ ಅತ್ಯಂತ ದೊಡ್ಡ ಪರೀಕ್ಷೆಗಳಲ್ಲೊಂದು ನಡೆದದ್ದು ಕನ್ನಡ ನಾಡಿನಲ್ಲಿ. ೧೮೯೮ರಲ್ಲಿ ಹುಬ್ಬಳ್ಳಿ, ಧಾರವಾಡ, ಗದಗ ಪಟ್ಟಣಗಳಲ್ಲಿ ಹತ್ತಾರು ಸಾವಿರ ಜನರಿಗೆ ಅದನ್ನು ಹಾಕಲಾಯಿತು. ಹುಬ್ಬಳ್ಳಿಯಲ್ಲಿ ಲೂಮನ್ ಎಂಬ ವೈದ್ಯಾಧಿಕಾರಿಯು ವಾರವಾರವೂ ಲಸಿಕೆ ಪಡೆದವರೆಷ್ಟು, ಪಡೆಯದವರೆಷ್ಟು, ಎರಡೂ ಪಂಗಡಗಳಲ್ಲಿ ಸತ್ತವರೆಷ್ಟು ಎಂದು ಲೆಕ್ಕವಿಟ್ಟನು. ಮಳೆಗಾಲ ಕಳೆಯುವುದರೊಳಗೆ ಪಟ್ಟಣದ ಬಹುಪಾಲು ಜನ ಲಸಿಕೆ ಪಡೆದಿದ್ದರು, ಮತ್ತು ಪಡೆಯದೆ ಉಳಿದ ಸಣ್ಣ ಪಂಗಡದಲ್ಲಿಯೇ ಸಾವು ಹೆಚ್ಚಾಗಿ ಕಾಣುತ್ತಿತ್ತು. ಲಸಿಕೆಯು ಪೂರ್ಣ ರಕ್ಷೆಯಲ್ಲ, ಅದರ ಶಕ್ತಿಯು ಕೆಲವು ತಿಂಗಳುಗಳ ಮೇಲೆ ಕುಂದುತ್ತದೆ, ಚುಚ್ಚಿದ ತೋಳು ಬಾತು ಜ್ವರವೂ ಬರುತ್ತದೆ. ಇವೆಲ್ಲವೂ ನಿಜ. ಆದರೂ ಬೇರಾವ ಔಷಧವೂ ಇಲ್ಲದ ಆ ಕಾಲದಲ್ಲಿ ಅದು ಮಾಡಿದ ಉಪಕಾರ ಅಳೆಯಲಾಗದ್ದು.

೧೮೯೯ರಲ್ಲಿ ಮುಂಬಯಿಯ ಪರೇಲಿನಲ್ಲಿದ್ದ ಹಳೆಯ ರಾಜ್ಯಪಾಲರ ನಿವಾಸವನ್ನು ಸರ್ಕಾರವು ಪ್ಲೇಗು ಸಂಶೋಧನಾಲಯಕ್ಕೆ ಬಿಟ್ಟುಕೊಟ್ಟಿತು. ಒಂದು ಕೋಣೆಯಲ್ಲಿ ಮೊದಲಾದ ಕೆಲಸವು ಒಂದು ಅರಮನೆಯನ್ನು ತುಂಬಿತು. ಬೇಡಿಕೆಯೂ ಹಾಗೆಯೇ ಬೆಳೆಯಿತು. ೧೯೦೨ರಲ್ಲಿ ಪಂಜಾಬು ಲಕ್ಷಗಟ್ಟಲೆ ಮಾತ್ರೆಗಳನ್ನು ಒಮ್ಮೆಗೇ ಬೇಡಿತು. ಕಾಲವನ್ನು ಉಳಿಸುವುದಕ್ಕಾಗಿ ಹಾಫ್ಕಿನ್ನರು ವಿಧಾನವನ್ನು ಸ್ವಲ್ಪ ಮಾರ್ಪಡಿಸಿದರು. ಕಟ್ಟಿನ ಬದಲು ಸಮುದ್ರದ ಸಸ್ಯದಿಂದ ಬರುವ ಅಗರ್ ಎಂಬ ಪದಾರ್ಥದ ಮೇಲೆ ಅಣುಗಳನ್ನು ಬೆಳೆಸಿದರು, ಶಾಖದಿಂದಲೇ ಶುದ್ಧಿ ಸಿದ್ಧಿಸುವುದೆಂದು ಕಾರ್ಬಾಲಿಕ್ ಆಮ್ಲವನ್ನು ಬಿಟ್ಟರು. ಪಾಸ್ತರ್ ಸಂಸ್ಥೆಯಲ್ಲಿ ರೂಢಿಯಲ್ಲಿದ್ದ ಕ್ರಮವೇ ಇದು. ಮುಚ್ಚಿದ ಸೀಸೆಗೆ ಇದರಿಂದ ಯಾವ ಕೊರತೆಯೂ ಇರಲಿಲ್ಲ. ಆದರೆ ತೆರೆದ ಸೀಸೆಗೆ ಇದ್ದ ಒಂದು ಕಾವಲು ಕಡಿಮೆಯಾಯಿತು. ಪ್ರಯೋಗಶಾಲೆಯ ಒಳಗೆ ಇರುವ ಎಚ್ಚರವು ಹಳ್ಳಿಯ ಮರದಡಿಯಲ್ಲಿಯೂ ಇರಬೇಕಾದ ಅಗತ್ಯವು ಆ ಮಟ್ಟಿಗೆ ಹೆಚ್ಚಿತು.

೧೯೦೨ನೆಯ ಇಸವಿ ಅಕ್ಟೋಬರ್ ೩೦ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ೧೦೭ ಜನರಿಗೆ ಲಸಿಕೆ ಹಾಕಲಾಯಿತು. ಇಂದು ಆ ಊರು ಪಾಕಿಸ್ತಾನಕ್ಕೆ ಸೇರಿದೆ. ಆ ದಿನ ಐದು ಸೀಸೆಗಳನ್ನು ತೆರೆದರು. ನಾಲ್ಕು ಸೀಸೆಗಳಿಂದ ಮದ್ದು ಪಡೆದವರಿಗೆ ಏನೂ ಆಗಲಿಲ್ಲ. ೫೩-ಎನ್ ಎಂಬ ಗುರುತಿನ ಸೀಸೆಯಿಂದ ಪಡೆದ ೧೯ ಜನರೂ ಕೆಲವು ದಿನಗಳಲ್ಲಿ ಧನುರ್ವಾಯುವಿಗೆ ಗುರಿಯಾಗಿ ಒಬ್ಬರೂ ಉಳಿಯದೆ ಸತ್ತರು. ಪ್ಲೇಗಿನಿಂದ ಪಾರಾಗಲೆಂದು ತಾವಾಗಿ ತೋಳು ಚಾಚಿ ನಂಬಿ ಬಂದ ಹತ್ತೊಂಬತ್ತು ಜೀವಗಳು ಹೀಗೆ ಕಮರಿಹೋದವು. ಊರೂರಿಗೆ ಸುದ್ದಿ ಹಬ್ಬಿ, ಜನ ಲಸಿಕೆಯೆಂದರೆ ಬೆಚ್ಚಿದರು. ಪಂಜಾಬಿನ ಆ ದೊಡ್ಡ ಯೋಜನೆಯೇ ಮುರಿದುಬಿದ್ದಿತು, ಪ್ಲೇಗು ತಡೆಯಿಲ್ಲದೆ ಅಲ್ಲಿ ಮೇಯಿತು.

ಸರ್ಕಾರವು ವಿಚಾರಣಾ ಮಂಡಲಿಯನ್ನು ನೇಮಿಸಿತು. ಸೀಸೆಯು ಮುಲ್ಕೋವಾಲಿನಲ್ಲಿ ತೆರೆಯುವ ಮುನ್ನವೇ, ಅಂದರೆ ಪರೇಲಿನಲ್ಲಿಯೇ, ಕಲುಷಿತವಾಗಿತ್ತೆಂದು ಮಂಡಲಿಯು ಅಭಿಪ್ರಾಯಪಟ್ಟಿತು. ಕಾರ್ಬಾಲಿಕ್ ಆಮ್ಲವನ್ನು ಬಿಟ್ಟದ್ದು ದೊಡ್ಡ ಅಪರಾಧವೆಂಬಂತೆ ಕಂಡಿತು. ಹಾಫ್ಕಿನ್ನರನ್ನು ಸಂಶೋಧನಾಲಯದ ಮುಖ್ಯಸ್ಥಾನದಿಂದ ತಪ್ಪಿಸಲಾಯಿತು. ತಾವು ಕಟ್ಟಿದ ಸಂಸ್ಥೆಯಿಂದಲೇ ಹೊರಬಿದ್ದು ಅವರು ಯುರೋಪಿಗೆ ಮರಳಿದರು. ಪರದೇಶಿ, ಅನ್ಯಮತದವನು, ಸರ್ಕಾರಿ ವೈದ್ಯಶ್ರೇಣಿಗೆ ಸೇರದವನು ಎಂಬ ಅಸಡ್ಡೆಯೂ ಇದರ ಹಿಂದೆ ಕೆಲಸ ಮಾಡಿತೆಂದು ಹಲವರು ಭಾವಿಸಿದರು.

ಆದರೆ ಸಾಕ್ಷ್ಯಗಳು ಬೇರೆಯೇ ಕಥೆಯನ್ನು ಹೇಳುತ್ತಿದ್ದವು. ಆ ಸೀಸೆಯನ್ನು ತುಂಬಿ ಮುಚ್ಚಿದ್ದು ಘಟನೆಗೆ ೪೧ ದಿನ ಮೊದಲು. ಧನುರ್ವಾಯುವಿನ ಅಣುಗಳು ಆಗಲೇ ಸೇರಿದ್ದರೆ ಅಷ್ಟು ದಿನಗಳಲ್ಲಿ ಬೆಳೆದು ಸಹಿಸಲಾಗದ ದುರ್ವಾಸನೆಯನ್ನು ಹುಟ್ಟಿಸಬೇಕಾಗಿತ್ತು. ತೆರೆದಾಗ ಅಂಥ ವಾಸನೆಯನ್ನು ಯಾರೂ ಗಮನಿಸಿರಲಿಲ್ಲ. ಇನ್ನೊಂದು ಸಂಗತಿಯೂ ಹೊರಬಂದಿತು. ಸೀಸೆಯ ಬಿರಡೆಯನ್ನು ತೆಗೆಯಲು ಹಿಡಿದ ಚಿಮುಟವು ಸಹಾಯಕನ ಕೈಜಾರಿ ನೆಲಕ್ಕೆ ಬಿದ್ದಿತ್ತು. ಧನುರ್ವಾಯುವಿನ ಅಣುವಿಗೆ ಮಣ್ಣೇ ತವರು, ದನಕರು ಕುದುರೆಗಳು ಓಡಾಡುವ ನೆಲವಂತೂ ಅದರ ಬೀಡು. ಬಿದ್ದ ಚಿಮುಟವನ್ನು ಬೆಂಕಿಯ ಜ್ವಾಲೆಯಲ್ಲಿ ಹಿಡಿದು ಶುದ್ಧಗೊಳಿಸಬೇಕಾಗಿತ್ತು. ಹಾಗೆ ಮಾಡದೆ ಕಾರ್ಬಾಲಿಕ್ ದ್ರಾವಣದಲ್ಲಿ ಅದ್ದಿ ತೆಗೆದು ಅದರಿಂದಲೇ ಬಿರಡೆಯನ್ನು ಕಿತ್ತಿದ್ದರು. ಧನುರ್ವಾಯುವಿನ ಅಣುಗಳು ಗಟ್ಟಿ ಕವಚದ ಬೀಜರೂಪವನ್ನು ತಳೆದಿರುವಾಗ ಕ್ಷಣಮಾತ್ರದ ಅದ್ದುವಿಕೆಯಿಂದ ಸಾಯುವುದಿಲ್ಲ. ಪರೇಲಿನಲ್ಲಿ ನೂರು ಕಾವಲುಗಳನ್ನು ದಾಟಿ ಬಂದ ಮದ್ದು ಒಂದು ಗೇಣುದ್ದದ ಉಪಕರಣದ ಅಶುಚಿಯಿಂದ ಮೃತ್ಯುವಾಯಿತೆಂಬುದೇ ಅತ್ಯಂತ ಸಂಭವನೀಯವಾದ ವಿವರಣೆ.

ಹಾಫ್ಕಿನ್ನರು ಗದ್ದಲವೆಬ್ಬಿಸಲಿಲ್ಲ, ಆದರೆ ಬಿಟ್ಟುಕೊಡಲೂ ಇಲ್ಲ. ಸಾಕ್ಷ್ಯಗಳನ್ನು ಒಂದೊಂದಾಗಿ ಜೋಡಿಸಿ ವಿದ್ವಾಂಸರ ಮುಂದಿಡುತ್ತ ಹೋದರು. ಮಲೇರಿಯಾ ಸೊಳ್ಳೆಯಿಂದ ಹರಡುವುದನ್ನು ಸಾಧಿಸಿ ನೊಬೆಲ್ ಪಾರಿತೋಷಕ ಪಡೆದಿದ್ದ ರೊನಾಲ್ಡ್ ರಾಸ್‌ರು ಅವರ ಪಕ್ಷವನ್ನು ಎತ್ತಿ ಹಿಡಿದರು. ೧೯೦೭ನೆಯ ಇಸವಿ ಜುಲೈ ತಿಂಗಳಲ್ಲಿ ಹತ್ತು ಮಂದಿ ಅಣುಜೀವಿ ಶಾಸ್ತ್ರಜ್ಞರು ಸಹಿ ಮಾಡಿದ ಪತ್ರವು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಪರೇಲಿನ ಮೇಲೆ ಹೊರಿಸಿದ ಆರೋಪವು ನಿರಾಧಾರವೆಂಬುದು ಅದರ ಸಾರ. ಆ ವರ್ಷವೇ ಹಾಫ್ಕಿನ್ನರು ದೋಷಮುಕ್ತರಾದರು. ಐದು ವರ್ಷ ಹೊತ್ತ ಕಳಂಕವು ಕಾಗದದ ಮೇಲೆ ಅಳಿಯಿತು. ಕಲ್ಕತ್ತೆಯ ಜೀವಶಾಸ್ತ್ರೀಯ ಪ್ರಯೋಗಶಾಲೆಯ ಹೊಣೆಯನ್ನು ಒಪ್ಪಿಸಲಾಯಿತು. ಆದರೆ ಹೊಸ ಲಸಿಕೆಗಳನ್ನು ಜನರಲ್ಲಿ ಪರೀಕ್ಷಿಸುವ ಅವಕಾಶ ಅಲ್ಲಿ ಅವರಿಗಿರಲಿಲ್ಲ. ಕೈ ಕಟ್ಟಿ ಕೂರಿಸಿದ ಕುಶಲಕರ್ಮಿಯಂತೆ ಕೆಲವು ವರ್ಷ ಕಳೆದು, ನಿವೃತ್ತರಾಗಿ ಯುರೋಪಿಗೆ ತೆರಳಿದರು.

ಅವರು ನೆಟ್ಟ ಗಿಡ ಮಾತ್ರ ಬಾಡಲಿಲ್ಲ. ಪರೇಲಿನ ಸಂಶೋಧನಾಲಯದಲ್ಲಿ ೧೯೦೫ರಿಂದ ಮುಂದೆ ಪ್ಲೇಗಿನ ಆಯೋಗವು ಗಿನಿಪಿಗ್‌ಗಳನ್ನು ಪ್ಲೇಗು ಹೊಕ್ಕ ಮನೆಗಳಲ್ಲಿ ಇರಿಸಿ, ಚಿಗಟಗಳು ಅವುಗಳ ಮೈಯೇರಿ ರೋಗವನ್ನು ತರುವುದನ್ನು ಸಂದೇಹಕ್ಕೆಡೆಯಿಲ್ಲದಂತೆ ಸ್ಥಾಪಿಸಿತು. ಸೈಮಂಡರ ಮಾತನ್ನು ಅದುವರೆಗೆ ನಂಬದವರೂ ನಂಬಿದರು. ೧೮೯೭ರಿಂದ ೧೯೨೫ರವರೆಗೆ ಮುಂಬಯಿಯಿಂದ ಎರಡೂವರೆ ಕೋಟಿಗೂ ಮಿಕ್ಕಿ ಪ್ಲೇಗಿನ ಲಸಿಕೆಯ ಮಾತ್ರೆಗಳು ಹೊರಬಂದವು. ೧೯೨೫ರಲ್ಲಿ ಆ ಸಂಸ್ಥೆಗೆ ಹಾಫ್ಕಿನ್ ಸಂಸ್ಥೆಯೆಂದು ಹೆಸರಿಟ್ಟು ಸರ್ಕಾರವು ತನ್ನ ಋಣವನ್ನು ಸ್ವಲ್ಪಮಟ್ಟಿಗೆ ತೀರಿಸಿತು. ಬೆಳಗಾವಿಯ ತಿಳಕವಾಡಿಯಲ್ಲಿಯೂ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಲಸಿಕೆಯ ಸಂಸ್ಥೆಯೊಂದು ತಲೆಯೆತ್ತಿತು. ಕರುಗಳ ಚರ್ಮದ ಮೇಲೆ ಬೆಳೆಸಿದ ಸಿಡುಬಿನ ಲಸಿಕೆಯು ಅಲ್ಲಿಂದ ಊರೂರಿಗೆ ಹೋಗುತ್ತಿತ್ತು. ವ್ಯಾಕ್ಸೀನ್ ಡಿಪೋ ಎಂಬ ಹೆಸರು ಇಂದಿಗೂ ಬೆಳಗಾವಿಯವರ ಬಾಯಲ್ಲಿದೆ.

ಹಾಫ್ಕಿನ್ನರು ವಿವಾಹವಾಗಲಿಲ್ಲ. ಕಡೆಗಾಲದಲ್ಲಿ ಪ್ಯಾರಿಸ್ಸಿನ ಸಮೀಪದಲ್ಲಿಯೂ ಬಳಿಕ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿಯೂ ಧರ್ಮಚಿಂತನೆಯಲ್ಲಿ ಕಾಲ ಕಳೆದರು. ತಮ್ಮ ಗಳಿಕೆಯನ್ನು ತಮ್ಮ ಸಮಾಜದ ವಿದ್ಯಾಲಯಗಳಿಗೆ ಮುಡಿಪಾಗಿಟ್ಟರು. ೧೯೩೦ನೆಯ ಇಸವಿ ಅಕ್ಟೋಬರ್ ೨೬ರಂದು ಲೊಸಾನಿನಲ್ಲಿ ನಿಧನ ಹೊಂದಿದರು. ಭಾರತ ಸರ್ಕಾರವು ೧೯೬೪ರಲ್ಲಿ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದು ಅವರನ್ನು ಸ್ಮರಿಸಿತು.

ಹಾಫ್ಕಿನ್ನರ ಕಾಲದಿಂದ ಶಾಸ್ತ್ರವು ಬಹುದೂರ ಸಾಗಿದೆ. ಜೀವಾಣುನಾಶಕ ಔಷಧಗಳು ಬಂದ ಮೇಲೆ ಪ್ಲೇಗು ಗುಣಪಡಿಸಬಹುದಾದ ರೋಗವಾಯಿತು. ಹಿಂದೆ ಪ್ರಾಣಿಗಳ ರಕ್ತದಿಂದ ದೊರೆಯುತ್ತಿದ್ದ ಪ್ರತಿಕಾಯಗಳನ್ನು ೧೯೭೫ರಲ್ಲಿ ಕೊಯ್ಲರ್ ಮತ್ತು ಮಿಲ್‌ಸ್ಟೀನರು ಕಂಡುಹಿಡಿದ ವಿಧಾನದಿಂದ ಪ್ರಯೋಗಶಾಲೆಯ ಜೀವಕೋಶಗಳಲ್ಲಿಯೇ ಬೆಳೆಸಲಾಗುತ್ತಿದೆ. ಇಲಿ, ಮೊಲಗಳಲ್ಲಿ ರೋಗಗಳ ಸ್ವರೂಪವನ್ನು ಅರಸುವ ಸಂಶೋಧಕರ ಕೈಯಲ್ಲಿ ಅವು ಇಂದು ನಿತ್ಯದ ಉಪಕರಣ. ಆದರೆ ಅವುಗಳನ್ನು ಕಾಯುವ ನಿಯಮಗಳಲ್ಲಿ ಎರ್ಲಿಖ್‌ರ ನಳಿಗೆಯ ಪಾಠವೂ ಮುಲ್ಕೋವಾಲಿನ ಸೀಸೆಯ ಪಾಠವೂ ಅಡಗಿವೆ. ಬೇಗ ಬಳಸುವ ಪ್ರತಿಕಾಯವನ್ನು ೨ರಿಂದ ೮ ಸೆಂಟಿಗ್ರೇಡ್ ತಂಪಿನಲ್ಲಿರಿಸುತ್ತಾರೆ. ಬಹುಕಾಲ ಇಡಬೇಕಾದುದನ್ನು ಸಾಮಾನ್ಯವಾಗಿ ಸೊನ್ನೆಗಿಂತ ೨೦ ಸೆಂಟಿಗ್ರೇಡ್ ಕೆಳಗೆ ಹೆಪ್ಪುಗಟ್ಟಿಸುತ್ತಾರೆ. ಹೆಪ್ಪುಗಟ್ಟಿಸುವುದು, ಕರಗಿಸುವುದು, ಮತ್ತೆ ಹೆಪ್ಪುಗಟ್ಟಿಸುವುದು ನಡೆಯುತ್ತಿದ್ದರೆ ಅದರ ಕಣಗಳು ಒಂದಕ್ಕೊಂದು ಅಂಟಿಕೊಂಡು ಬಲಗೆಡುತ್ತವೆ. ಆದ್ದರಿಂದ ಬಂದ ದಿನವೇ ಅದನ್ನು ಒಂದೊಂದು ಬಾರಿಗೆ ಸಾಲುವಷ್ಟು ಸಣ್ಣ ಸಣ್ಣ ನಳಿಗೆಗಳಿಗೆ ಹಂಚಿ, ಹೆಸರು, ತಂಡದ ಸಂಖ್ಯೆ, ದಿನಾಂಕಗಳನ್ನು ಬರೆದಿಡುತ್ತಾರೆ. ಹೊಳೆಯುವ ಬಣ್ಣವನ್ನು ಕೂಡಿಸಿದ ಪ್ರತಿಕಾಯವನ್ನು ಬೆಳಕು ಬೀಳದಂತೆ ಕಾಯುತ್ತಾರೆ, ಅದನ್ನು ಹೆಪ್ಪುಗಟ್ಟಿಸುವುದಿಲ್ಲ.

ಕೊಳೆಯದಂತೆ ಕಾಯುವ ದ್ರವ್ಯಗಳ ವಿಷಯದಲ್ಲಿಯೂ ವಿವೇಚನೆ ಬೇಕು. ಸೋಡಿಯಂ ಅಜೈಡ್ ಎಂಬುದನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದರೆ ಪ್ರತಿಕಾಯದ ನಳಿಗೆಯಲ್ಲಿ ಅಣುಗಳು ಬೆಳೆಯವು. ಗಾಜಿನ ಫಲಕದ ಮೇಲೆ ನಡೆಸುವ ಎಷ್ಟೋ ಪರೀಕ್ಷೆಗಳಿಗೆ ಅದರಿಂದ ಬಾಧೆಯಿಲ್ಲ. ಆದರೆ ಅದೇ ನಳಿಗೆಯಿಂದ ಜೀವಂತ ಪ್ರಾಣಿಗೆ ಚುಚ್ಚಿದರೆ ಅದು ವಿಷ. ಪ್ರಾಣಿಗೆ ಕೊಡುವ ಪ್ರತಿಕಾಯದಲ್ಲಿ ಅದು ಇರಕೂಡದು, ರೋಗಾಣುಗಳ ಅವಶೇಷದ ವಿಷವೂ ಇರಕೂಡದು. ಹಾಫ್ಕಿನ್ನರ ಕಾಲದ ಕಾರ್ಬಾಲಿಕ್ ಆಮ್ಲದ ಪ್ರಶ್ನೆಯೇ ಇಲ್ಲಿ ವೇಷ ಬದಲಿಸಿ ಬಂದಿದೆ: ಯಾವುದನ್ನು ಬೆರೆಸಬೇಕು, ಯಾವುದನ್ನು ಬಿಡಬೇಕು, ಬಿಟ್ಟ ಮೇಲೆ ಯಾವ ಎಚ್ಚರವನ್ನು ಇಮ್ಮಡಿಸಬೇಕು. ಈ ವಿಚಾರದಲ್ಲಿ ತಪ್ಪಿದರೆ ಮೂಕಪ್ರಾಣಿಯು ವ್ಯರ್ಥವಾಗಿ ನರಳುತ್ತದೆ, ಪ್ರಯೋಗದ ಫಲವೂ ಸುಳ್ಳಾಗುತ್ತದೆ. ಪ್ರಾಣಿಹಿಂಸೆಯನ್ನು ತಡೆಯುವ ೧೯೬೦ರ ಕಾಯಿದೆಯು ಪ್ರಯೋಗಗಳಲ್ಲಿ ಪ್ರಾಣಿಗಳಿಗೆ ಅನಾವಶ್ಯಕ ನೋವಾಗದಂತೆ ನೋಡಿಕೊಳ್ಳಲು ಸಮಿತಿಯೊಂದನ್ನು ನೇಮಿಸುವ ಅಧಿಕಾರವನ್ನು ನೀಡಿರುವುದೂ ಇದೇ ಹೊಣೆಗಾರಿಕೆಯ ಸಲುವಾಗಿ.

ಗೋಕಾಕದ ಆಸ್ಪತ್ರೆಗೋ ಹುಕ್ಕೇರಿಯ ಹಳ್ಳಿಗೋ ಮೂಡಲಗಿಯ ಶಾಲೆಗೋ ಲಸಿಕೆಯ ತಂಪುಪೆಟ್ಟಿಗೆಯನ್ನು ಹೆಗಲಿಗೇರಿಸಿ ತರುವ ಆರೋಗ್ಯ ಸಹಾಯಕಿಯು ಆ ಪರಂಪರೆಯ ಮೂರನೆಯ ಕೈ. ಸೀಸೆಯನ್ನು ತೆರೆದ ಹೊತ್ತನ್ನು ಬರೆದಿಡುವಾಗ, ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸದಿರುವಾಗ, ನೆಲಕ್ಕೆ ಬಿದ್ದುದನ್ನು ಮರಳಿ ಮುಟ್ಟದಿರುವಾಗ ಆಕೆ ಹತ್ತೊಂಬತ್ತು ಜೀವಗಳ ಬೆಲೆ ತೆತ್ತು ಲೋಕವು ಕಲಿತ ಪಾಠವನ್ನು ಪಾಲಿಸುತ್ತಾಳೆ. ಮುಂದೆ ಪ್ರಯೋಗಶಾಲೆಯನ್ನು ಹೊಗಲಿರುವ ವಿದ್ಯಾರ್ಥಿಗಳು ಹಾಫ್ಕಿನ್ನರ ಚರಿತ್ರೆಯಿಂದ ಎರಡು ಮಾತುಗಳನ್ನು ಮನಗಾಣಬೇಕು. ದೊಡ್ಡ ವಿದ್ಯೆಯು ಸಣ್ಣ ಶುಚಿಯ ಮೇಲೆ ನಿಂತಿದೆ. ಅನರ್ಥವೊಂದು ಸಂಭವಿಸಿದಾಗ ಎದುರಿಗೆ ಸಿಕ್ಕವನ ಮೇಲೆ ಹೊಣೆ ಹೊರಿಸುವುದಕ್ಕೆ ಮುನ್ನ ಮೂರೂ ಕೈಗಳನ್ನು ಪರಿಶೀಲಿಸುವುದು ನ್ಯಾಯ.